ಬತ್ತಿದ ಹೊಳೆಯ ಬಾಯಲ್ಲಿ ಗಾಳ

ಹೊಳೆಯನ್ನು ಇರುವಂಥದ್ದು ಎಂದು ತಿಳಿಯುವ ನಾಡುಗಳಿವೆ, ಬರುವಂಥದ್ದು ಎಂದು ತಿಳಿಯುವ ನಾಡುಗಳೂ ಇವೆ. ಕನ್ನಡ ನಾಡಿಗೆ ಎರಡೂ ಗೊತ್ತು. ನೇತ್ರಾವತಿ, ಶರಾವತಿ, ಅಘನಾಶಿನಿಗಳ ದಂಡೆಯಲ್ಲಿ ಬೆಳೆದವರಿಗೆ ಹೊಳೆ ಎಂದರೆ ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಸೊರಗಿ, ಆದರೂ ತನ್ನ ಜಾಗ ಬಿಡದ ನೀರು. ವಿಜಯಪುರ, ಕಲಬುರಗಿಗಳ ಕಡೆಯವರಿಗೆ ವರ್ಷದ ಬಹುಪಾಲು ಉಸುಕಾಗಿ ಮಲಗಿದ್ದು, ಮೇಲೆಲ್ಲೋ ಮಳೆಯಾದ ದಿನ ದಿಢೀರನೆ ತುಂಬಿ ಹರಿಯುವ ಹಳ್ಳವೂ ಅಷ್ಟೇ ಪರಿಚಿತ. ಅವರು "ಹಳ್ಳ ಬಂತು" ಎನ್ನುವಾಗ ಆ ಮಾತಿನಲ್ಲಿ ದೂರದಿಂದ ಹೇಳದೆ ಕೇಳದೆ ಬಂದವರ ಬಗೆಗಿನ ಎಚ್ಚರ ಇರುತ್ತದೆ. ಅರಬ್ಬಿಯಲ್ಲಿ ಇಂಥ ಹಳ್ಳದ ಪಾತ್ರಕ್ಕೆ 'ವಾದಿ' ಎಂದೂ, ಅದರಲ್ಲಿ ನುಗ್ಗಿ ಬರುವ ನೀರಿಗೆ 'ಸೈಲ್' ಎಂದೂ ಹೆಸರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ದೇಶಗಳಲ್ಲಿ ಸೌದಿ ಅರೇಬಿಯಾವೇ ಎಲ್ಲಕ್ಕಿಂತ ದೊಡ್ಡದು. ಹೀಗಿರುವಾಗ ಅದರ ವಾಯವ್ಯ ಮೂಲೆಯ ತಬೂಕ್ ಪ್ರಾಂತ್ಯದಲ್ಲಿ ಚಳಿಗಾಲದ ವಾರಾಂತ್ಯಕ್ಕೆ ಗಾಳ ಕಟ್ಟಿಕೊಂಡು ಹೊರಡುವ ತಂಡಗಳು ಯಾವ ಹೊಳೆಯಲ್ಲಿ ಮೀನು ಹಿಡಿಯುತ್ತವೆ ಎಂಬುದು ವಿಚಾರಿಸತಕ್ಕ ಪ್ರಶ್ನೆಯೇ ಆಗಿದೆ.

ತಬೂಕ್ ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಬಯಲಿನಲ್ಲಿದೆ. ಅದಕ್ಕೂ ಕೆಂಪು ಸಮುದ್ರಕ್ಕೂ ನಡುವೆ ಕರಿಗಲ್ಲಿನ ಬೋಳು ಬೆಟ್ಟಗಳ ಸಾಲೊಂದು ಅಡ್ಡ ನಿಂತಿದ್ದು, ಆ ಸಾಲಿನ ಜಬಲ್ ಅಲ್‌ಲೌಝ್, ಅಂದರೆ ಬಾದಾಮಿ ಬೆಟ್ಟ, ಸುಮಾರು 2,580 ಮೀಟರ್ ಎತ್ತರವಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರಿಗೂ ಹೆಚ್ಚು ಮೇಲೇರುವ ಈ ಬೆಟ್ಟದ ತಲೆಯ ಮೇಲೆ ಚಳಿಗಾಲದಲ್ಲಿ ಹಿಮ ಬೀಳುವುದುಂಟು. 2013ರ ಜೂನ್ ಕೊನೆಯಿಂದ ಈ ದೇಶದಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರಗಳಿಗೆ ಬಂದಿರುವುದರಿಂದ, ಗುರುವಾರ ಸಂಜೆ ಕೆಲಸ ಮುಗಿಸಿದವರು ಡೇರೆ, ಕಂಬಳಿ, ಪಾತ್ರೆ, ಐಸು ತುಂಬಿದ ಥರ್ಮೊಕೋಲ್ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಬೆಟ್ಟದ ಸಾಲನ್ನು ದಾಟಿ ಕರಾವಳಿಯ ಕಡೆಗೆ ಇಳಿಯುತ್ತಾರೆ. ದುಬಾ ಪಟ್ಟಣ ತಬೂಕಿನಿಂದ ಸುಮಾರು 180 ಕಿಲೋಮೀಟರ್ ದೂರ. ಊರ ಹೊರಗೆ ಹೋಗಿ ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುವ ಈ ಪದ್ಧತಿಗೆ ಸ್ಥಳೀಯರು 'ಕಶ್ತಾ' ಎನ್ನುತ್ತಾರೆ, ಮತ್ತು ಚಳಿಗಾಲವೇ ಅದರ ನಿಜವಾದ ಕಾಲ. ತೋಟ, ಆಸ್ಪತ್ರೆ, ಕಟ್ಟಡಗಳ ಕೆಲಸಕ್ಕೆಂದು ಹೋಗಿ ಈ ಪದ್ಧತಿಯನ್ನು ತಮ್ಮದಾಗಿಸಿಕೊಂಡ ಭಾರತೀಯರಲ್ಲಿ ಕರಾವಳಿ ಕರ್ನಾಟಕದವರೂ ಇದ್ದಾರೆ. ಕಡಲನ್ನು ಬಲ್ಲವರಾದರೂ ಅವರು ಇಲ್ಲಿ ಬಲ್ಲದ್ದರಲ್ಲಿ ಅರ್ಧವನ್ನು ಮರೆತು ಮತ್ತೆ ಕಲಿಯಬೇಕಾಗುತ್ತದೆ.

ಕಲಿಯಬೇಕಾದ ಮೊದಲ ಪಾಠ ಋತುವಿನದು. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಕಡಲು ಕೆರಳುವುದು ಮಳೆಗಾಲದಲ್ಲಿ, ಯಾಂತ್ರೀಕೃತ ದೋಣಿಗಳಿಗೆ ರಜೆ ಜೂನ್ 1ರಿಂದ ಜುಲೈ 31ರವರೆಗೆ. ಚಳಿಗಾಲವೆಂದರೆ ಅಲ್ಲಿ ತಿಳಿಯಾದ ಕಡಲು. ತಬೂಕಿನಲ್ಲಿ ಇದು ತಿರುವುಮುರುವು. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳು ಕೆಂಪು ಸಮುದ್ರದ ಮೇಲಿನ ತೇವವನ್ನು ಸೆಳೆದುಕೊಂಡು, ಮೊದಲು ತೆಂಕಣದಿಂದ ಮೋಡವನ್ನೂ ಆಮೇಲೆ ವಾಯವ್ಯದಿಂದ ಕೊರೆಯುವ ಗಾಳಿಯನ್ನೂ ತರುತ್ತವೆ. ಆ ತೆಂಕಣ ಗಾಳಿಗೆ ಸೌದಿಯ ಕೆಂಪು ಸಮುದ್ರ ತೀರದ ನಾಡಾದ ಹಿಜಾಝಿನ ಕಡಲಿಗರು 'ಅಝ್ಯಬ್' ಎಂದು ಹೆಸರಿಟ್ಟಿದ್ದಾರೆ. ಕಾಲಗಣನೆಯಲ್ಲಿ ಮಾತ್ರ ಎರಡು ನಾಡುಗಳು ಹತ್ತಿರ ಬರುತ್ತವೆ. ನಮ್ಮ ರೈತರು ಸೂರ್ಯನಿರುವ ನಕ್ಷತ್ರದ ಹೆಸರಿನಿಂದ ಸುಮಾರು ಹದಿಮೂರು ಹದಿನಾಲ್ಕು ದಿನಗಳ ಮಳೆಗಳನ್ನು ಎಣಿಸುವಂತೆ, ಅರಬರು ಮುಂಜಾನೆ ಪೂರ್ವದಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ನಕ್ಷತ್ರದಿಂದ ಹದಿಮೂರು ದಿನಗಳ ಅವಧಿಗಳನ್ನು ಎಣಿಸುತ್ತಾರೆ. ಅಕ್ಟೋಬರ್ ನಡುವಿನಿಂದ ನಾಲ್ಕು ನಕ್ಷತ್ರಗಳ 52 ದಿನ 'ವಸ್ಮ್', ನೆಲ ಹಸಿರಾಗಿಸುವ ಮಳೆಯ ಕಾಲ. ಡಿಸೆಂಬರ್ ಮೊದಲ ವಾರದಿಂದ ಸುಮಾರು ನಲವತ್ತು ದಿನ 'ಮರ್ಬಾನಿಯ್ಯಾ', ಕಡುಚಳಿಯ ಕಾಲ. ವಸ್ಮಿನ ಎರಡನೆಯ ನಕ್ಷತ್ರವಾದ 'ಸಿಮಾಕ್' ನಮ್ಮ ಚಿತ್ತಾ ನಕ್ಷತ್ರವೇ. ಸೂರ್ಯನ ಜೊತೆಗಿದ್ದು ಕಣ್ಣಿಗೆ ಕಾಣದಿರುವಾಗ ಅದು ನಮಗೆ ಚಿತ್ತಾ ಮಳೆ, ಸೂರ್ಯ ಮುಂದೆ ಸರಿದು ಅದು ಬೆಳಗಿನ ಜಾವ ಕಂಡಾಗ ಅವರಿಗೆ ಸಿಮಾಕ್. ಒಂದೇ ನಕ್ಷತ್ರವನ್ನು ಒಬ್ಬರು ಮುಳುಗಿದಾಗಲೂ ಇನ್ನೊಬ್ಬರು ಎದ್ದಾಗಲೂ ನಂಬಿಕೊಂಡಿರುವುದು ಸೊಗಸಾದ ಸಂಗತಿ.

ಎರಡನೆಯ ಪಾಠ ಜಾಗದ್ದು, ಹೊಳೆಯ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಕೆಂಪು ಸಮುದ್ರದ ಈ ದಂಡೆಗೆ ಉದ್ದಕ್ಕೂ ಹವಳದ ದಿಬ್ಬ ಅಂಟಿಕೊಂಡಿದೆ. ಅದರ ಅಂಚಿನಲ್ಲಿ ನೀರು ಒಮ್ಮೆಗೇ ಆಳವಾಗುವುದರಿಂದ ಗಾಳಿಯಿರುವ ದಿನ ಅಲ್ಲಿ ನಿಲ್ಲುವುದು ಅಪಾಯ. ಆದರೆ ದಂಡೆಯಲ್ಲಿ ಅಲ್ಲಲ್ಲಿ, ಬೆರಳು ಚಾಚಿದಂತೆ, ನೀರು ನೆಲದ ಒಳಕ್ಕೆ ನುಗ್ಗಿದ ಕಿರಿದಾದ ಕೊಲ್ಲಿಗಳಿವೆ. ಇವಕ್ಕೆ 'ಶರ್ಮ್' ಎಂದು ಹೆಸರು. ಎದುರು ದಂಡೆಯ ಶರ್ಮ್ ಅಲ್‌ಶೇಖ್ ಪಟ್ಟಣದ ಹೆಸರಿನಲ್ಲಿರುವುದೂ, ತಬೂಕ್ ಕರಾವಳಿಯ ಶರ್ಮಾ ಎಂಬ ಊರಿನ ಹೆಸರು ನೆನಪಿಸುವುದೂ ಇದೇ ಮಾತನ್ನು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಕೊನೆಯ ಘಟ್ಟದಲ್ಲಿ, ಕಡಲಿನ ಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಅಂಥ ಕಾಲಗಳಲ್ಲಿ ವಾದಿಗಳು ಕೊರೆದ ಕಣಿವೆಗಳ ಬಾಯಿಗಳು ಕಡಲು ಏರಿದಾಗ ಮುಳುಗಿ ಶರ್ಮ್‌ಗಳಾದವು ಎಂಬುದು ಭೂವಿಜ್ಞಾನಿಗಳು ಸಾಮಾನ್ಯವಾಗಿ ಕೊಡುವ ವಿವರಣೆ. ನೆಲದ ಬಿರುಕುಗಳಿಗೂ ಇದರಲ್ಲಿ ಪಾಲಿದೆ ಎನ್ನುವವರಿದ್ದಾರೆ. ಈಗಲೂ ವಾದಿ ಬಂದಾಗಲೆಲ್ಲ ಸಿಹಿನೀರೂ ಹೂಳೂ ಅಲ್ಲಿಗೇ ಇಳಿಯುವುದರಿಂದ ಆ ಬಾಯಿಯಲ್ಲಿ ಹವಳ ಬೆಳೆಯದೆ ದಾರಿ ತೆರೆದೇ ಉಳಿದಿದೆ. ನಮ್ಮ ಕರಾವಳಿಯವರು ಹೊಳೆ ಕಡಲು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರಷ್ಟೆ. ಶರ್ಮ್ ಎಂಬುದು ಹೊಳೆ ಹೋಗಿ ಅಳಿವೆ ಮಾತ್ರ ಉಳಿದ ಜಾಗ. ಅಲ್ಲಿ ಗಾಳ ಹಾಕುವವರು ಒಂದು ಹೊಳೆಯಲ್ಲೇ ಮೀನು ಹಿಡಿಯುತ್ತಿದ್ದಾರೆ ಎಂದರೆ ತಪ್ಪಾಗದು.

ದೋಣಿಯಲ್ಲಿ ಹೋಗುವುದಕ್ಕೆ ಗಡಿ ಕಾವಲು ಪಡೆಯ ಅನುಮತಿ ಬೇಕು. ಗಾಳಿ ಜೋರಿದ್ದರೆ ದೋಣಿಯ ಮಾತೇ ಏಳುವುದಿಲ್ಲ. ಆದ್ದರಿಂದ ಇಂಥ ತಂಡಗಳು ದಂಡೆಯಿಂದಲೇ ಕೈದಾರ ಎಸೆಯುತ್ತವೆ: ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಮೇಲೆ ಗೇಣುದ್ದ ಬಿಟ್ಟು ಕೊಕ್ಕೆ, ಕೊಕ್ಕೆಗೆ ಸಿಗಡಿಯ ಅಥವಾ ಕಪ್ಪೆ ಬೊಂಡಾಸಿನ ತುಂಡು. ಗುಂಡು ಮರಳಿಗೆ ತಾಗಿದ ಮೇಲೆ ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಒಂದು ಹದದಲ್ಲಿ ಹಿಡಿದು ಕೂರಬೇಕು. 'ಶಊರ್' ಎಂಬ ಮೀನು ಮರಳಿನ ತಳದಲ್ಲಿ ಚಿಪ್ಪು, ಏಡಿಗಳನ್ನು ಅಗಿದು ಬದುಕುವಂಥದ್ದು. ಅದು ಎರೆಯನ್ನು ಮೊದಲು ಒಂದೆರಡು ಸಲ ಕುಟುಕಿ ಆಮೇಲೆ ಎಳೆಯುತ್ತದೆ. ಮಂಗಳೂರಿನವರು ಮುರು ಮೀನು ಎನ್ನುವ, ಅರಬರು 'ಹಮೂರ್' ಎನ್ನುವ ಮೀನಾದರೋ ಒಮ್ಮೆಗೇ ನುಂಗಿ ಕಲ್ಲಿನ ಪೊಟರೆಗೆ ಹೊಕ್ಕು ಕಿವಿರು ಅಗಲಿಸಿ ಕೂತುಬಿಡುತ್ತದೆ. ಈ ವ್ಯತ್ಯಾಸವನ್ನು ಬೆರಳು ಹೇಳಬೇಕು, ಆದರೆ ಜನವರಿಯ ರಾತ್ರಿ ಬೆರಳು ಮರಗಟ್ಟಿರುತ್ತದೆ. ಉತ್ತರ ಕೆಂಪು ಸಮುದ್ರದ ನೀರು ಚಳಿಗಾಲದಲ್ಲೂ ಸುಮಾರು 21 ಡಿಗ್ರಿಯಷ್ಟಿದ್ದು ಮೇಲಿನ ಗಾಳಿ ಅದಕ್ಕಿಂತ ಬಹಳ ತಣ್ಣಗಿರುವುದರಿಂದ, ಬಲ್ಲವರು ಆಗಾಗ ಕೈಯನ್ನು ಮಣಿಗಂಟಿನವರೆಗೆ ಕಡಲಿನಲ್ಲಿ ಅದ್ದಿ ಬೆಚ್ಚಗಾಗಿಸಿಕೊಂಡು ಮತ್ತೆ ದಾರ ಹಿಡಿಯುತ್ತಾರೆ. ಕುರಿಯ ಉಣ್ಣೆಯನ್ನು ಒಳಗೆ ಹಾಕಿ ಹೊಲಿದ 'ಫರ್ವಾ' ಎಂಬ ನಿಲುವಂಗಿ ಹೊದ್ದವರೂ ಇದನ್ನು ಮಾಡುವುದು ತಪ್ಪುವುದಿಲ್ಲ.

ಮೂರನೆಯ ಪಾಠ ಎಲ್ಲಕ್ಕಿಂತ ದೊಡ್ಡದು, ಜೀವದ ಪ್ರಶ್ನೆಯಾದದ್ದು. ಗಾಳಿಗೆ ಮರೆ, ಮೆತ್ತನೆಯ ಮರಳು, ಸಮತಟ್ಟಾದ ನೆಲ, ಹಗಲಿಗೆ ಜಾಲಿಯ ನೆರಳು ಇವೆಲ್ಲ ಒಟ್ಟಿಗೆ ಸಿಗುವುದು ವಾದಿಯ ಪಾತ್ರದಲ್ಲಿ, ಆದ್ದರಿಂದ ಡೇರೆ ಹೊಡೆಯಲು ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಜಾಗವೇ ಎಲ್ಲಕ್ಕಿಂತ ಕೆಟ್ಟ ಜಾಗ. ಜಬಲ್ ಅಲ್‌ಲೌಝಿನ ನೆತ್ತಿಯಿಂದ ಕಡಲಿಗೆ ಸುಮಾರು 50 ಕಿಲೋಮೀಟರ್. ಅಷ್ಟರಲ್ಲಿ ನೀರು ಎರಡೂವರೆ ಸಾವಿರ ಮೀಟರ್ ಇಳಿಯಬೇಕು, ಹೀರಿಕೊಳ್ಳುವ ಮಣ್ಣಾಗಲಿ ತಡೆಯುವ ಕಾಡಾಗಲಿ ನಡುವೆ ಇಲ್ಲ. ಬೆಟ್ಟದ ಮೇಲೆ ಮಳೆ ಸುರಿಯುವಾಗ ದಂಡೆಯಲ್ಲಿ ನಕ್ಷತ್ರ ಕಾಣುತ್ತಿರಬಹುದು. 2013ರ ಜನವರಿಯಲ್ಲಿ ತಬೂಕ್ ನಗರವೇ ಇಂಥ ನೆರೆಯಲ್ಲಿ ಮುಳುಗಿತು. 2009ರ ನವೆಂಬರ್ 25ರಂದು ಜಿದ್ದಾದಲ್ಲಿ ಇಂಥದೇ ನೆರೆಗೆ ಸಿಕ್ಕಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಹರಿಯುತ್ತಿರುವ ವಾದಿಯನ್ನು ಗಾಡಿಯಲ್ಲಿ ದಾಟುವುದು ಈಗ ದಂಡ ವಿಧಿಸಬಹುದಾದ ಅಪರಾಧ, ಮತ್ತು ಆ ಕಾನೂನು ತೀರ ಅಗತ್ಯವಾದದ್ದು. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯ ಮೀನು ನೀರಿನೆದುರು ಏರಿ ಗದ್ದೆಗೆ ಬರುವ 'ಹತ್ತುಮೀನು' ಹಿಡಿಯಲು ಜನ ಕತ್ತಲಲ್ಲಿ ನೀರಿಗೆ ಇಳಿಯುವ ಸಂಭ್ರಮ ಕಂಡವರಿಗೆ, ನೀರು ಬಂತೆಂದರೆ ಹತ್ತಿರ ಹೋಗುವುದು ಸಹಜ. ಇಲ್ಲಿ ಬದುಕಿಸುವುದು ಬಯಲುಸೀಮೆಯ ಹಳ್ಳದ ತಿಳಿವಳಿಕೆ, ಅದು ಹೇಳುವುದು ದೂರ ನಿಲ್ಲು ಎಂದು. ತಂಡದಲ್ಲಿ ಇಂಥ ಒಬ್ಬರಾದರೂ ಇರಬೇಕು. ಎಲ್ಲರೂ ಮರಳಿನಲ್ಲಿ ಡೇರೆಯ ಗೂಟ ಹೊಡೆಯಲು ಹೊರಟಾಗ ಕಣಿವೆಯ ಗೋಡೆಯಲ್ಲಿ ಎದೆಯೆತ್ತರಕ್ಕೆ ಸಿಕ್ಕಿಕೊಂಡ ಒಣಕಡ್ಡಿಯ ಕಸ ನೋಡಿ, "ಇಲ್ಲಿ ಬ್ಯಾಡ್ರಿ, ಮ್ಯಾಲೆ ಹೋಗೂಣು" ಎನ್ನುವವರು.

ಮೇಲೆ ಎಂದರೆ ಕಲ್ಲಿನ ದಿಣ್ಣೆ, ಗೂಟ ಇಳಿಯದ ನೆಲ, ರಾತ್ರಿಯಿಡೀ ಡೇರೆಯನ್ನು ಬಡಿಯುವ ಗಾಳಿ. ಅಂಥ ರಾತ್ರಿಯಲ್ಲಿ ಸಂಜೆ ಸಿಕ್ಕಿದ ನಾಲ್ಕಾರು ಶಊರ್‌ಗಳನ್ನು ಗಾಡಿಯ ಮರೆಯಲ್ಲಿ ಬೇಯಿಸಲಾಗುತ್ತದೆ. ಈರುಳ್ಳಿಯನ್ನು ಕಪ್ಪಿಗೆ ತಿರುಗುವವರೆಗೆ ಹುರಿದು ನೀರು ಹಾಕಿ, ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಮೇಲೆ ಮೀನಿಡುವ ಅಡುಗೆಗೆ 'ಸಯ್ಯಾದಿಯ್ಯಾ' ಎಂದು ಹೆಸರು. 'ಸಯ್ಯಾದ್' ಎಂದರೆ ಬೇಟೆಯವನು, ಮೀನುಗಾರ. ಕರಾವಳಿಯವರು ಅದಕ್ಕೆ ಊರಿಂದ ತಂದ ಬ್ಯಾಡಗಿ ಮೆಣಸಿನ ಪುಡಿಯನ್ನೂ ಹುಣಸೆಯ ಹುಳಿಯನ್ನೂ ಸೇರಿಸುವುದುಂಟು, ಇದರಿಂದ ಆ ಅನ್ನಕ್ಕೆ ಹಾನಿಯೇನೂ ಆಗಿಲ್ಲ. ನಡುರಾತ್ರಿಯ ಮೇಲೆ ಎಲ್ಲೋ ಲಾರಿ ಕಲ್ಲು ಸುರಿದಂತೆ ಸದ್ದು ಕೇಳಿದರೆ ಅದು ಸೈಲ್. ಹರಿಯುವ ನೀರಿಗಿಂತ ಮೊದಲು ಅದು ಉರುಳಿಸುವ ಬಂಡೆಗಳ ಸದ್ದು ಬರುತ್ತದೆ. ಟಾರ್ಚಿನ ಬೆಳಕಿಗೆ ಕಾಣುವುದು ನೊರೆ, ಕೊಂಬೆ, ಕಂದು ಬಣ್ಣದ ಬೆನ್ನು. ನಾಲ್ಕೈದು ಗಂಟೆಗಳಲ್ಲಿ ಎಲ್ಲ ಇಳಿದಿರುತ್ತದೆ.

ಶನಿವಾರ ಬೆಳಿಗ್ಗೆ ಶರ್ಮಿನ ನೀಲಿಯೊಳಗೆ ಕಂದು ನೀರಿನ ನಾಲಿಗೆಯೊಂದು ಚಾಚಿಕೊಂಡಿರುತ್ತದೆ, ಎರಡು ಬಣ್ಣಗಳ ನಡುವಿನ ಗೆರೆ ದಂಡೆಯಿಂದಲೇ ಸ್ಪಷ್ಟ. ಅನುಭವಿಗಳು ಗುಂಡನ್ನು ಕಂದಿನೊಳಗಾಗಲಿ ನೀಲಿಯೊಳಗಾಗಲಿ ಎಸೆಯದೆ ಆ ಗೆರೆಯ ಮೇಲೆ ಎಸೆಯಲು ನೋಡುತ್ತಾರೆ. ಮನೆಗೆ ಹೊರಡುವ ಮುನ್ನ ಗಾಡಿಗಳು ದಿಣ್ಣೆ ಇಳಿಯುವಾಗ, ಗುರುವಾರ ಬೇಡವೆಂದು ಬಿಟ್ಟ ಆ ಮೆತ್ತನೆಯ ಮರಳಿನ ಮೇಲೆ ಎರಡು ಬೆರಳು ದಪ್ಪದ ನುಣ್ಣನೆ ಕೆಸರು ಹಾಸಿಕೊಂಡಿದ್ದು, ಬಿಸಿಲು ಏರಿದಂತೆ ಅದರ ಅಂಚುಗಳು ಒಣಗಿದ ಹಪ್ಪಳದ ಹಾಗೆ ಮೇಲಕ್ಕೆ ಸುರುಳಿಗೊಳ್ಳುತ್ತಿರುತ್ತವೆ, ಮತ್ತು ಅದರ ಮೇಲೆ ಆಗಲೇ ಯಾವುದೋ ಹಕ್ಕಿಯ ಹೆಜ್ಜೆಗಳು ಕಡಲಿನ ಕಡೆಗೆ ಹೋಗಿರುತ್ತವೆ.