ಅಂಕ ಬೇಡವೆಂದ ಬಾಲೆ

ವಿಜಯಪುರದ ಗಾಂಧಿ ಚೌಕವನ್ನು ದಾಟುವಾಗಲೆಲ್ಲ ನಮ್ಮ ಶಿಕ್ಷಕ ವೃತ್ತಿಯ ಒಂದು ತಪ್ಪು ನೆನಪಾಗುತ್ತದೆ. ಅದನ್ನು ನಮಗೆ ತೋರಿಸಿಕೊಟ್ಟವಳು ಹನ್ನೆರಡು ವರ್ಷದ ಒಬ್ಬ ಬಾಲೆ.

ಏಳನೆಯ ವರ್ಗಕ್ಕೆ ನಾವು ಲಾಭ-ನಷ್ಟದ ಲೆಕ್ಕ ಕಲಿಸುತ್ತಿದ್ದೆವು. ಪಾಠ ಪುಸ್ತಕದಲ್ಲಿಯೇ ಉಳಿಯಬಾರದೆಂದು ಮಕ್ಕಳನ್ನು ನಾಲ್ವರ ಗುಂಪುಗಳಾಗಿ ಮಾಡಿ ಗಾಂಧಿ ಚೌಕದ ಪೇಟೆಗೆ ಕರೆದೊಯ್ದೆವು. ತಿಕೋಟಾ ಕಡೆಯ ಒಣದ್ರಾಕ್ಷಿ, ಇಂಡಿಯ ನಿಂಬೆ, ಬಾಳೆಹಣ್ಣು, ಹೂವು ಇವುಗಳ ಕೊಂಡ ಬೆಲೆ, ಮಾರುವ ಬೆಲೆ ವಿಚಾರಿಸಿ ಗುಂಪಿಗೊಂದು ತಖ್ತೆ ಬರೆಯಬೇಕು. ಬಂದ ಅಂಕ ನಾಲ್ವರಿಗೂ ಸಮ. ಒಂದು ಗುಂಪಿನ ತಖ್ತೆಯ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಕೊಟ್ಟು ಹೊಗಳಿದೆವು. ಆಗ ಆ ಗುಂಪಿನ ಬಾಲೆ ಎದ್ದು ನಿಂತು, "ಸರ್, ನಾ ಏನೂ ಮಾಡಿಲ್ರಿ. ಆ ಮಾರ್ಕ್ಸ್ ನನಗ ಬ್ಯಾಡ್ರಿ" ಎಂದಳು.

ವಿಚಾರಿಸಿದರೆ, ಜಾಣ ಹುಡುಗನೊಬ್ಬನೇ ಎಲ್ಲವನ್ನೂ ಬರೆದಿದ್ದ. ತಖ್ತೆ ಕೆಟ್ಟೀತೆಂದು ಉಳಿದವರ ಕೈಗೆ ಪೆನ್ನು ಕೊಟ್ಟಿರಲಿಲ್ಲ. ಬಾಲೆಯ ತಾಯಿ ಪೇಟೆಯಲ್ಲಿ ಹೂ ಮಾರುವವರು. ಸಂಜೆಗೆ ಉಳಿದ ಮಾಲೆ ಬಾಡಿದರೆ ಎಷ್ಟು ನಷ್ಟವೆಂಬುದು ಅವಳಿಗೆ ಬಾಯಿಪಾಠ. ತಖ್ತೆಯಲ್ಲಿ ಆ ನಷ್ಟದ ಸುಳಿವೇ ಇರಲಿಲ್ಲ. ನಾವು ಹೊಗಳಿದ ಲೆಕ್ಕ ತಪ್ಪಾಗಿತ್ತು. ಸರಿ ಲೆಕ್ಕ ಬಲ್ಲವಳು ಸುಮ್ಮನೆ ಕುಳಿತಿದ್ದಳು.

ಪತಿ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬನ್ನಿರೆಂದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಮನೆಗೂ ಗೊತ್ತು. ದುಡಿಯದ ಅಂಕ ಬೇಡವೆಂದ ಆ ಬಾಲೆಯಲ್ಲಿ ನಾವು ಲಕ್ಕಮ್ಮನನ್ನೇ ಕಂಡೆವು. ಆದರೆ ಕಾಯಕಕ್ಕೆ ಅವಕಾಶವನ್ನೇ ಕೊಡದವರು ನಾವಲ್ಲವೇ?

ಮಕ್ಕಳನ್ನು ದುಂಡಗೆ ಕೂಡ್ರಿಸಿದ ಮಾತ್ರಕ್ಕೆ ಕೂಡಿ ಕಲಿತಂತಾಗದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಗುರುಗಳ ನೆರವಿನಿಂದ ಕಲಿಯುವ ಗುಂಪಿನಂತೆ ಜೊತೆಗಾರರ ನೆರವಿನಿಂದ ಕಲಿಯುವ ಗುಂಪೂ ಇದೆ. ಅಮೇರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ ಮಕ್ಕಳು ಒಂದೇ ಶಾಲೆಗೆ ಬಂದು ಮನಸ್ತಾಪ ಬೆಳೆದಾಗ, 1971ರಲ್ಲಿ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾಠವನ್ನೇ ತುಂಡು ಮಾಡಿ ಮಗುವಿಗೊಂದು ಭಾಗ ಕೊಟ್ಟರು. ಒಬ್ಬರ ಮಾತು ಕೇಳದೆ ಇನ್ನೊಬ್ಬರ ಪಾಠ ಪೂರ್ಣವಾಗದು.

ಮರುವಾರ ನಾವೂ ಹಾಗೆಯೇ ಮಾಡಿದೆವು. ಒಬ್ಬರಿಗೆ ಒಂದೊಂದು ಸರಕು. ಹೂವು ಬಾಲೆಯ ಪಾಲಿಗೆ. ಕೊನೆಗೆ ಚೀಟಿ ಎತ್ತಿ, ಹೆಸರು ಬಂದವರು ಇಡೀ ಲೆಕ್ಕ ವಿವರಿಸಬೇಕು. ಜಾಣ ಹುಡುಗ ಅವಳ ಪಕ್ಕ ಕುಳಿತು, "ಬಾಡಿದ ಹೂವಿನ ಲೆಕ್ಕ ಹ್ಯಾಂಗ ಹಿಡೀಬೇಕ?" ಎಂದು ಕೇಳುತ್ತಿದ್ದ.

ಅವನ ತಂದೆಗೆ ಇದು ಹಿಡಿಸಲಿಲ್ಲ. "ಉಳಿದವರ ಸಲುವಾಗಿ ನಮ್ಮ ಹುಡುಗ ಯಾಕ ಹಿಂದ ಬೀಳಬೇಕ್ರಿ, ಗುರುಗಳ?" ಎಂದು ಬಂದರು. ನಾವು ಎರಡೂ ತಖ್ತೆಗಳನ್ನು ಅವರ ಮುಂದಿಟ್ಟೆವು. ಅವರೂ ಪೇಟೆಯ ವ್ಯಾಪಾರಸ್ಥರೇ. ಎರಡನೆಯದನ್ನು ಬಹಳ ಹೊತ್ತು ನೋಡಿ, "ಇದು ಖರೇ ಲೆಕ್ಕ ನೋಡ್ರಿ" ಎಂದರು.

ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನೂ ಮಾತನಾಡಿದ, ಲಕ್ಕಮ್ಮನೂ ಮಾತನಾಡಿದಳು. ಒಬ್ಬರೇ ನುಡಿದು ಉಳಿದವರು ತಲೆದೂಗಿದ್ದರೆ ಅದು ಮಂಟಪವೆನಿಸುತ್ತಿರಲಿಲ್ಲ. ಸಂಜೆ ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುತ್ತೇವೆ. ಇಂದು ಯಾರಿಂದ ಏನು ಕಲಿತೆ, ಯಾರಿಗೆ ಏನು ಹೇಳಿಕೊಟ್ಟೆ ಎಂದೂ ಕೇಳೋಣ. ವಿದ್ಯೆಯ ದಾಸೋಹ ಮೊದಲಾಗುವುದು ಅಲ್ಲಿಂದಲೇ.