ನಾಲ್ಕು ರೂಪಾಯಿಯ ಲೆಕ್ಕ

ಅಣ್ಣನ ಮೊಮ್ಮಗಳು ಈ ವರ್ಷ ಹತ್ತನೇ ತರಗತಿ. ಎರಡು ಚರಾಕ್ಷರಗಳ ಸಮೀಕರಣ ತಲೆಗೆ ಹತ್ತುತ್ತಿಲ್ಲವೆಂದು ಮೊನ್ನೆ ಪುಸ್ತಕ ಹಿಡಿದು ನನ್ನ ಬಳಿ ಬಂದಳು. ಎಕ್ಸ್, ವೈ ಕಂಡರೇ ಹೆದರುವ ಹುಡುಗಿಗೆ ಹಣ್ಣಿನ ಲೆಕ್ಕವೇ ವಾಸಿ ಎಂದುಕೊಂಡು ಮಹಾವೀರಾಚಾರ್ಯನ ಮೊರೆಹೊಕ್ಕೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವನು ಅವನು. ಅದರಲ್ಲೊಂದು ಲೆಕ್ಕವಿದೆ: ಒಂಬತ್ತು ಮಾದಲಹಣ್ಣಿಗೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107, ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಒಂದೊಂದಕ್ಕೆ ಎಷ್ಟು?

ಮೊದಲ ಮಾತೊಂದನ್ನೇ ಹಿಡಿದು ಕೂತರೆ ಉತ್ತರ ಹತ್ತಾರು. ಎರಡನೆಯದೂ ಬೇಕು. ಎರಡನ್ನೂ ಕೂಡಿದರೆ 16 ಮಾದಲ, 16 ಬೇಲಕ್ಕೆ 208. ಅಂದರೆ ಒಂದೊಂದು ಕೊಂಡರೆ 13. ಕಳೆದರೆ, ಎರಡು ಮಾದಲ ಎರಡು ಬೇಲಕ್ಕಿಂತ 6 ಹೆಚ್ಚು. ಒಂದಕ್ಕೆ 3 ಹೆಚ್ಚು. ಮಾದಲ 8, ಬೇಲ 5. ‘ಅಯ್ಯೋ, ಇಷ್ಟೇನಾ ತಾತಾ!’ ಎಂದು ಹುಡುಗಿ ನಕ್ಕಳು.

ಇಷ್ಟೇ ಎಂದು ನಾನೂ ಒಮ್ಮೆ ನಂಬಿದ್ದೆ. 1978ರಲ್ಲಿ ನಾನು ಒಂಬತ್ತನೇ ತರಗತಿ. ನಮ್ಮ ಮನೆಗೆ ದಿನಸಿ ಉದ್ರಿಯಲ್ಲಿ ಬರುತ್ತಿತ್ತು. ತರುವವನು ಅಣ್ಣ. ಅಂಗಡಿಯವರು ಸಣ್ಣ ಪುಸ್ತಕದಲ್ಲಿ ಒಟ್ಟು ಮೊತ್ತ ಮಾತ್ರ ಗೀಚುತ್ತಿದ್ದರು. ಮೊದಲ ವಾರ ಮೂರು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಗೆ 14 ರೂಪಾಯಿ. ಮರುವಾರ ಎರಡು ಕಿಲೋ ಬೆಲ್ಲ, ಮೂರು ಕಿಲೋ ಬೇಳೆಗೆ 16. ಮೂರನೇ ವಾರ ನಾಲ್ಕು ಕಿಲೋ ಬೆಲ್ಲ, ಒಂದು ಕಿಲೋ ಬೇಳೆ, ಆಗಲೂ 16.

ಅಪ್ಪ ಹುಬ್ಬು ಗಂಟಿಕ್ಕಿದರು. ಹಳೇ ಬಾಕಿ ಇದ್ದುದರಿಂದ ಅಂಗಡಿಗೆ ಹೋಗಿ ಕೇಳುವ ಧೈರ್ಯ ಅವರಿಗಿರಲಿಲ್ಲ. ಹೊಸ ಪಾಠದ ಹುಮ್ಮಸ್ಸಿನಲ್ಲಿದ್ದ ನಾನು ಸ್ಲೇಟು ತಂದೆ. ಕೂಡಿದೆ, ಕಳೆದೆ. ಬೆಲ್ಲ ಕಿಲೋಗೆ 2, ಬೇಳೆ 4. ಮೂರನೇ ವಾರ ಆಗಬೇಕಾದದ್ದು 12. ‘ನಾಲ್ಕು ರೂಪಾಯಿ ಹೆಚ್ಚಾಗಿದೆ ಅಪ್ಪಾ’ ಎಂದೆ, ಬಹುಮಾನ ಬಂದವನಂತೆ.

ಅಣ್ಣ ಬೀಡಿ ಕೊಂಡಿರಬೇಕೆಂದು ಅಪ್ಪ ತೀರ್ಮಾನಿಸಿದರು. ಏಟು ಬಿದ್ದವು. ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಮ್ಮ ಒಳಗೆ ಒಲೆಯ ಮುಂದೆ ಇದ್ದಳು. ಮರುದಿನದಿಂದ ಉದ್ರಿ ಪುಸ್ತಕ ಅವನ ಕೈಯಿಂದ ನನ್ನ ಕೈಗೆ ಬಂತು. ಅಪ್ಪ ಮತ್ತೆಂದೂ ಅವನ ಕೈಗೆ ದುಡ್ಡು ಕೊಟ್ಟು ಕಳಿಸಲಿಲ್ಲ.

2004ರಲ್ಲಿ, ಅಪ್ಪನ ವರ್ಷಾಬ್ದಿಕ ಮುಗಿದ ಸಂಜೆ ಅಮ್ಮ ಬಾಯಿಬಿಟ್ಟಳು. ಆ ವಾರ ಸೋದರಮಾವ ಜ್ವರದಿಂದ ಮಲಗಿದ್ದನಂತೆ. ಅಪ್ಪನಿಗೂ ಅವನಿಗೂ ಮಾತುಕತೆ ಇರಲಿಲ್ಲ. ಗಂಜಿಗೆ ಸಬ್ಬಕ್ಕಿ, ಸಕ್ಕರೆ ಕೊಂಡು ಗುಟ್ಟಾಗಿ ಕೊಟ್ಟುಬಾ ಎಂದು ಅಣ್ಣನನ್ನು ಕಳಿಸಿದವಳು ಅವಳೇ. ‘ಯಾರಿಗೂ ಹೇಳಬೇಡ ಅಂದಿದ್ದೆ. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲವಲ್ಲ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನನ್ನ ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪಿರಲಿಲ್ಲ. ಆ ವಾರದ ಚೀಲದಲ್ಲಿ ಬೆಲ್ಲ, ಬೇಳೆ ಎರಡೇ ಇವೆ ಎಂದುಕೊಂಡದ್ದೇ ತಪ್ಪು. ನಾಲ್ಕು ರೂಪಾಯಿ ಹೆಚ್ಚಾಗಿದೆ ಎಂದಷ್ಟೇ ಸಮೀಕರಣ ಹೇಳಿತ್ತು. ಕಳ್ಳ ಯಾರೆಂದು ಅದು ಹೇಳಿರಲಿಲ್ಲ. ಅದನ್ನು ಸೇರಿಸಿದವರು ನಾವು.

ಅಂದೇ ಅಣ್ಣನ ಬಳಿ ಹೋಗಿ ಕ್ಷಮೆ ಕೇಳಿದೆ. ಅವನು ಎಲೆಗೆ ಸುಣ್ಣ ಸವರುತ್ತಾ ನಕ್ಕ: ‘ಹೋಗಲಿ ಬಿಡೋ, ನಿನ್ನ ಲೆಕ್ಕ ಸರಿಯಾಗೇ ಇತ್ತಲ್ಲ!’

ಮೊನ್ನೆ ಅವನ ಮೊಮ್ಮಗಳು ಉತ್ತರಕ್ಕೆ ಗೆರೆ ಎಳೆದು ಪುಸ್ತಕ ಮುಚ್ಚಹೊರಟಾಗ ತಡೆದೆ. ‘ಲೆಕ್ಕದಲ್ಲಿ ಎರಡೇ ಹಣ್ಣು ಇರೋದು ಹೌದಾ, ಇನ್ನೊಂದು ಸಲ ಓದು’ ಎಂದೆ. ಈ ತಾತನಿಗೆ ವಯಸ್ಸಾಯಿತು ಎಂಬಂತೆ ನೋಡಿದಳು; ಆದರೂ ಓದಿದಳು.