ಬಾಳೆಯೆಲೆಯೂ ಕರಗುವ ಚೀಲವೂ

ಮೈಸೂರಿನ ಅಗ್ರಹಾರದ ವೃದ್ಧ ಗೃಹಸ್ಥರೊಬ್ಬರು ದೇವರಾಜ ಮಾರುಕಟ್ಟೆಯಿಂದ ಪೂಜೆಯ ಹೂವನ್ನು ಬಾಳೆಯೆಲೆಯಲ್ಲಿ ಕಟ್ಟಿಸಿಕೊಂಡು ಬರುವುದು ಬಹುಕಾಲದ ವಾಡಿಕೆ. ಒಮ್ಮೆ ಅವರ ಸೊಸೆಯು ‘ಮಣ್ಣಿನಲ್ಲಿ ಕರಗುವುದು’ ಎಂದು ಅಚ್ಚೊತ್ತಿದ ಚೀಲವೊಂದನ್ನು ತಂದಳು. ಹಿರಿಯರು ವಾದಿಸಲಿಲ್ಲ, ಹಿತ್ತಿಲ ತೆಂಗಿನ ಬುಡದಲ್ಲಿ ಎಲೆಯನ್ನೂ ಚೀಲವನ್ನೂ ಒಂದೇ ಗುಳಿಯಲ್ಲಿ ಹೂಳಿದರು. ಆರು ತಿಂಗಳ ತರುವಾಯ ಅಗೆದು ನೋಡಲಾಗಿ ಎಲೆಯು ಮಣ್ಣಾಗಿತ್ತು. ಚೀಲದ ಮೇಲಣ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು.

ಹಾಗಾದರೆ ಆ ಮಾತು ಸುಳ್ಳೇ? ಪೂರ್ತಿ ಸುಳ್ಳೆನ್ನಲಾಗದು. ಇಂಥ ಚೀಲಗಳಲ್ಲಿ ಅನೇಕವೇಳೆ ಸೇರುವ ಪಾಲಿಲ್ಯಾಕ್ಟಿಕ್ ಆಮ್ಲವು ಮುಸುಕಿನ ಜೋಳ, ಕಬ್ಬು ಮೊದಲಾದವುಗಳ ಸಕ್ಕರೆಯನ್ನು ಹುದುಗಿಸಿ ಪಡೆದ ವಸ್ತು. ಅದು ಬೇಗ ಕ್ಷಯಿಸಬೇಕಾದರೆ ತೇವದೊಡನೆ ಸುಮಾರು ೬೦ ಡಿಗ್ರಿ ಸೆಂಟಿಗ್ರೇಡಿನ ಶಾಖವಿರಬೇಕು. ಆ ಶಾಖವು ದೊಡ್ಡ ಗೊಬ್ಬರದ ರಾಶಿಯೊಳಗೆ ದೊರೆತೀತು. ತೆಂಗಿನ ಬುಡದಲ್ಲಿ ಎಲ್ಲಿಂದ ಬರಬೇಕು?

ಈ ವಸ್ತುವಿಗೆ ಇನ್ನೊಂದು ದೋಷವುಂಟು: ಬಾಗಿಸಿದರೆ ಬಿರಿಯುವುದು. ಪಿಷ್ಟವನ್ನು ಬೆರೆಸಿದರೆ ಬೆಲೆಯಿಳಿಯುವುದು. ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಪ್ರಿಯವೇ. ಆದರೆ ಪಿಷ್ಟವು ನೀರು ಕುಡಿದು ಮೆತ್ತಗಾಗುವುದಲ್ಲದೆ ಎರಡೂ ಸುಲಭವಾಗಿ ಒಂದಾಗವು. ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳಲ್ಲೊಂದು ಜೇಡಿಯ ಸೂಕ್ಷ್ಮ ಹಾಳೆಗಳನ್ನು ಸೇರಿಸುವುದು. ಒಂದೊಂದರ ದಪ್ಪ ಸುಮಾರು ಒಂದು ನ್ಯಾನೊಮೀಟರು. ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೂರಕ್ಕೆ ಐದಕ್ಕಿಂತ ಕಡಮೆ ಬೆರೆಸಿದರೂ, ಹಾಳೆಗಳು ಬಿಡಿಬಿಡಿಯಾಗಿ ಹರಡಿದಲ್ಲಿ, ಪೊರೆಯು ಗಟ್ಟಿಯಾಗುವುದು. ಗಾಳಿಯೂ ತೇವವೂ ಸುತ್ತಿ ಬಳಸಿ ಬರಬೇಕಾಗಿ ಒಳಗಿನ ತಿನಿಸು ಬೇಗ ಕೆಡದು. ಗಂಟುಗಟ್ಟಿದರೆ ಅಲ್ಲಿಯೇ ಬಿರುಕು. ಮಣ್ಣಿನ ಗೋಡೆಗೆ ಹುಲ್ಲು ಕಲಸುವವರೂ ಬಲ್ಲ ನ್ಯಾಯವಿದು.

ಮೈಸೂರಿಗೆ ಈ ವಿಚಾರವು ಹೊಸದಲ್ಲ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ, ೧೯೬೧ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಆಹಾರಕ್ಕೊಪ್ಪುವ, ಮಣ್ಣಿಗೂ ಒಪ್ಪುವ ಹೊದಿಕೆಗಳನ್ನು ಕುರಿತು ಶೋಧನೆ ನಡೆಸಿವೆ.

ಬಲವನ್ನು ಕೂಡಿಸುವುದು ಕಾರ್ಯದ ಅರ್ಧಭಾಗ. ಕೂಡಿದ ಜೇಡಿಯು ಕ್ಷಯವನ್ನು ತ್ವರೆಗೊಳಿಸುವುದೂ ಉಂಟು, ತಡೆಯುವುದೂ ಉಂಟು. ಅದು ಜೇಡಿಯ ಜಾತಿಯನ್ನೂ ಸಂಸ್ಕಾರವನ್ನೂ ಅವಲಂಬಿಸಿದೆ. ಆದುದರಿಂದ ಎಲ್ಲಿ, ಎಷ್ಟು ಶಾಖದಲ್ಲಿ, ಎಷ್ಟು ದಿನದಲ್ಲಿ ಕರಗುವುದೆಂಬುದನ್ನು ಚೀಲದ ಮೇಲೆಯೇ ಅಚ್ಚುಮಾಡುವುದು ಧರ್ಮ. ಬಾಳೆಯೆಲೆಯು ಯಾವ ಮಾತನ್ನೂ ಕೊಡದೆ ನಡೆಸಿತು. ಮಾತು ಕೊಟ್ಟದ್ದು ಅದನ್ನು ನಡೆಸಲು ಕಲಿಯಬೇಕಾಗಿದೆ.

ಹಿರಿಯರು ಸೊಸೆಯನ್ನು ಹಳಿಯಲಿಲ್ಲ. ಚೀಲವನ್ನು ತೊಳೆದು, ಮಡಿಸಿ, ಅವಳ ಕೈಗಿತ್ತು, “ಇದು ಇನ್ನೂ ಗಟ್ಟಿಯಾಗಿದೆಯಮ್ಮ, ತರಕಾರಿಗಾದೀತು” ಎಂದರು.